ಅತ್ತಿ ಸಸಿ ಮಾಡಲು ಹೋಗಿ ಕಣಜದ ಬೆನ್ನು ಹತ್ತಿದ್ದು

ಅತ್ತಿ ಸಸಿಯನ್ನು ಬೀಜದಿಂದ ಮಾಡುವುದು ಕಷ್ಟ ಅಂತ ಬಹಳ ಜನ ಹೇಳುತ್ತಾರೆ. ಬೀಜ ಮೊಳೆಯುವುದು ಕಷ್ಟವೇ ಅಲ್ಲ. ಯಾವ ಹಣ್ಣಿನಲ್ಲಿ ಗಟ್ಟಿ ಬೀಜ ಇದೆ ಅಂತ ಕಂಡುಕೊಳ್ಳುವುದೇ ಕಷ್ಟ. ಅದು ಗೊತ್ತಾಗಬೇಕಾದರೆ ಎರಡು ಮಿಲಿಮೀಟರ್ ಉದ್ದದ ಒಂದು ಕಣಜದ ಬದುಕು ಗೊತ್ತಿರಬೇಕು.

ನಾನು ಮಲೆನಾಡಿನಲ್ಲಿ ಕಾಡುಗಿಡಗಳ ಸಣ್ಣ ನರ್ಸರಿ ನಡೆಸುತ್ತೇನೆ. ಹಳ್ಳದ ದಂಡೆಗೆ, ಬೋಳಾದ ಬೆಟ್ಟಕ್ಕೆ, ರಸ್ತೆ ಬದಿಗೆ ನೆಡುವವರು ಸಸಿ ಒಯ್ಯುತ್ತಾರೆ. ಅತ್ತಿಗೆ ಯಾವಾಗಲೂ ಬೇಡಿಕೆ ಇದೆ. ವರ್ಷದಲ್ಲಿ ಹಲವು ಸಲ ಕಾಯಿ ಬಿಡುವ ಮರ ಅದು. ಕಾಡಿನಲ್ಲಿ ಬೇರೆ ಹಣ್ಣೇ ಇಲ್ಲದ ದಿನಗಳಲ್ಲೂ ಮಂಗಟ್ಟೆ, ಕುಟ್ರುಹಕ್ಕಿ, ಬಾವಲಿ, ಕೆಂಜಳಿಲು, ಮಂಗಗಳಿಗೆಲ್ಲ ಹೊಟ್ಟೆಗೆ ಹಾಕುತ್ತದೆ.

ಹಣ್ಣು ಆರಿಸಿ ತಂದು ಬಕೆಟ್ ನೀರಿನಲ್ಲಿ ಹಿಸುಕುವುದು ನಮ್ಮ ಪದ್ಧತಿ. ಗಟ್ಟಿ ಬೀಜ ತಳಕ್ಕೆ ಕೂರುತ್ತದೆ. ಉಳಿದದ್ದು ಮೇಲೆ ತೇಲುತ್ತದೆ. ಬಿತ್ತನೆ ಭತ್ತವನ್ನು ನೀರಿಗೆ ಹಾಕಿ ಜೊಳ್ಳು ತೆಗೆಯುತ್ತೇವಲ್ಲ, ಹಾಗೆಯೇ. ಆದರೆ ಒಂದು ಮರದ ಹಣ್ಣು ತಂದರೆ ತಳದಲ್ಲಿ ದಪ್ಪ ಪದರ ಬೀಜ ಕೂರುತ್ತಿತ್ತು, ಇನ್ನೊಂದು ಮರದ್ದು ತಂದರೆ ಹೆಚ್ಚಿನದೆಲ್ಲ ಮೇಲೆಯೇ ತೇಲುತ್ತಿತ್ತು. ಕೆಲವೊಮ್ಮೆ ಒಂದೇ ಮರದ ಎರಡು ಫಸಲು ಬೇರೆ ಬೇರೆ ಥರ ಇರುತ್ತಿದ್ದವು.

ನನ್ನ ಜೊತೆ ಕೆಲಸ ಮಾಡುವ ಅಕ್ಕ ಒಂದು ದಿನ ತೇಲಿದ್ದನ್ನು ಅಂಗೈ ಮೇಲೆ ಹಾಕಿಕೊಂಡು ಬಿಸಿಲಿಗೆ ಹಿಡಿದರು. "ಅಣ್ಣಾ, ಈ ಜೊಳ್ಳಿಗೆಲ್ಲ ತೂತು ಇದೆ ನೋಡಿ. ಯಾರೋ ಕೊರೆದ ಹಾಗಿದೆ" ಅಂದರು. ಲೆನ್ಸ್ ಹಿಡಿದು ನೋಡಿದೆ. ಹೌದು, ಬಹುಪಾಲು ಜೊಳ್ಳಿನ ಮೇಲೆ ದುಂಡನೆಯ ಒಂದೊಂದು ತೂತು. ಒಳಗೆ ಟೊಳ್ಳು. ಬೀಜ ಕಟ್ಟದೆ ಉಳಿದ ಹೂವಾಗಿದ್ದರೆ ತೂತು ಯಾಕೆ ಇರಬೇಕು? ಅಲ್ಲಿಂದ ನಾನು ಕಾಯಿ ಕೊಯ್ದು ನೋಡಲು ಶುರು ಮಾಡಿದೆ.

ಮೊದಲು ಅತ್ತಿಯ ರಚನೆ ಹೇಳಿಬಿಡುತ್ತೇನೆ. ಅತ್ತಿ ಹೂ ಬಿಡುವುದನ್ನು ಕಂಡವರಿಲ್ಲ ಅನ್ನುವ ಮಾತಿದೆ. ಹೂ ಇರುವುದು ಕಾಯಿಯ ಒಳಗೆ. ನಾವು ಕಾಯಿ ಅನ್ನುವುದು ನಿಜವಾಗಿ ಒಳಮುಖವಾಗಿ ಮಡಚಿಕೊಂಡ ಹೂಗೊಂಚಲು. ಒಳಗೋಡೆಯ ತುಂಬ ಸಾವಿರಾರು ಹೆಣ್ಣು ಹೂಗಳು. ತುದಿಯಲ್ಲಿ ಎಸಳುಗಳಿಂದ ಮುಚ್ಚಿದ ಸಣ್ಣ ಬಾಯಿ. ಆ ಬಾಯಿಯ ಸುತ್ತ ಒಳಗಡೆ ಗಂಡು ಹೂಗಳ ಸಾಲು. ಹೆಣ್ಣು ಹೂಗಳು ಮೊದಲು ಸಿದ್ಧವಾಗುತ್ತವೆ. ಗಂಡು ಹೂಗಳು ಪರಾಗ ಬಿಡುವುದು ವಾರಗಟ್ಟಲೆ ಆದ ಮೇಲೆ. ಹಾಗಾಗಿ ಒಂದು ಕಾಯಿ ತನ್ನ ಪರಾಗದಿಂದ ತಾನೇ ಬೀಜ ಕಟ್ಟಲಾರದು. ಹೊರಗಿನಿಂದ ಯಾರಾದರೂ ತರಲೇಬೇಕು. ಗಾಳಿ ಒಳಗೆ ಹೋಗುವುದಿಲ್ಲ. ಜೇನಿಗೂ ದಾರಿ ಇಲ್ಲ.

ದಾರಿ ಇರುವುದು ಸೆರಾಟೋಸೋಲೆನ್ ಫ್ಯೂಸಿಸೆಪ್ಸ್ ಎಂಬ ಕಣಜಕ್ಕೆ. ನಮ್ಮ ಅತ್ತಿಗೆ ಪರಾಗ ತರುವುದು ಇದೊಂದೇ ಜಾತಿ. ಆಲಕ್ಕೆ ಬೇರೆ, ಅರಳಿಗೆ ಬೇರೆ. ಜಗತ್ತಿನಲ್ಲಿ ಅತ್ತಿ, ಆಲದ ಕುಲದಲ್ಲಿ ಸುಮಾರು 750 ಜಾತಿ ಮರಗಿಡಗಳಿವೆ. ಹೆಚ್ಚಿನವಕ್ಕೆ ತಮ್ಮದೇ ಆದ ಕಣಜ ಇದೆ.

ಅತ್ತಿಯಲ್ಲಿ ಕೆಲಸ ಮಾಡುವವರಿಗೆ ಒಂದು ದೊಡ್ಡ ಅನುಕೂಲ ಇದೆ. ಕಾಯಿ ಗೊಂಚಲು ಗೊಂಚಲಾಗಿ ಕಾಂಡದ ಮೇಲೇ ಬಿಡುತ್ತದೆ. ಮರ ಹತ್ತಬೇಕಿಲ್ಲ, ನಿಂತಲ್ಲೇ ಕೈಗೆ ಸಿಗುತ್ತದೆ. ನಾನು ಹಳ್ಳದ ದಂಡೆಯ ಒಂದು ಮರ ಆರಿಸಿಕೊಂಡೆ. ಗೊಂಚಲಿಗೆ ಬಣ್ಣದ ದಾರ ಕಟ್ಟಿ, ಎರಡು ಮೂರು ದಿನಕ್ಕೊಮ್ಮೆ ಒಂದು ಕಾಯಿ ಕಿತ್ತು ಬ್ಲೇಡಿನಿಂದ ಸೀಳಿ ನೋಡುತ್ತಿದ್ದೆ. ಹಾಲು ಸೋರಿ ಕೈ, ಬ್ಲೇಡು ಎಲ್ಲ ಅಂಟಾಗುತ್ತದೆ. ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಂಡರೆ ಆ ತೊಂದರೆ ಇಲ್ಲ.

ಕಾಯಿಯ ಬೆಳವಣಿಗೆಯನ್ನು ಐದು ಹಂತವಾಗಿ ನೋಡುವ ಕ್ರಮ ಇದೆ. ಇಸ್ರೇಲಿನ ಗಲಿಲ್ ಮತ್ತು ಐಸಿಕೋವಿಚ್ ಎಂಬ ವಿಜ್ಞಾನಿಗಳು 1968ರಲ್ಲಿ ಆಫ್ರಿಕಾದ ಅತ್ತಿಯೊಂದನ್ನು ನೋಡಿ ಮಾಡಿದ ವಿಂಗಡಣೆ. ಎಳೆಗಾಯಿ, ಹೆಣ್ಣು ಹೂ ಸಿದ್ಧವಾದ ಕಾಯಿ, ಬಲಿಯುವ ಕಾಯಿ, ಗಂಡು ಹೂ ಬಿರಿದ ಕಾಯಿ, ಕೊನೆಗೆ ಹಣ್ಣು. ಇಡೀ ಸುತ್ತು ಮುಗಿಯಲು ಒಂದೂವರೆ ಎರಡು ತಿಂಗಳು ಬೇಕು. ಬೇಸಿಗೆಯಲ್ಲಿ ಬೇಗ, ಚಳಿಯಲ್ಲಿ ನಿಧಾನ. ಈ ಐದರಲ್ಲಿ ಎರಡನ್ನು ಮಾತ್ರ ಸರಿಯಾಗಿ ಗುರುತಿಸಲು ಬಂದರೆ ಸಾಕು, ಉಳಿದದ್ದು ತಾನಾಗಿ ಗೊತ್ತಾಗುತ್ತದೆ.

ಮೊದಲನೆಯದು ಹೆಣ್ಣು ಹೂ ಸಿದ್ಧವಾದ ಹಂತ. ಕಾಯಿ ಇನ್ನೂ ಹಸಿರು, ಗಟ್ಟಿ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ ಅನ್ನಿಸುತ್ತದೆ. ಆದರೆ ತುದಿಯ ಬಾಯಿಯನ್ನು ಲೆನ್ಸಿನಲ್ಲಿ ನೋಡಿ. ಅಲ್ಲಿ ಪಾರದರ್ಶಕವಾದ ಸಣ್ಣ ರೆಕ್ಕೆಗಳು ಎಸಳುಗಳ ನಡುವೆ ಸಿಕ್ಕಿಕೊಂಡಿರುತ್ತವೆ. ಅದು ಒಳಗೆ ಹೋದ ಕಣಜದ ರೆಕ್ಕೆ. ದಾರಿ ಅಷ್ಟು ಇಕ್ಕಟ್ಟು. ನುಗ್ಗುವಾಗ ರೆಕ್ಕೆ ಕಿತ್ತು ಹೋಗುತ್ತದೆ, ಮೀಸೆಯ ತುದಿಯೂ ಮುರಿಯುತ್ತದೆ. ಅವಳಿಗೆ ಮತ್ತೆ ಹೊರಗೆ ಬರುವ ಮಾತಿಲ್ಲ. ರೆಕ್ಕೆ ಕಂಡ ಕಾಯಿಯನ್ನು ಅವತ್ತೇ ಸೀಳಿದರೆ ಒಳಗೆ ಕಪ್ಪು ಕಣಜ ಹೂವಿಂದ ಹೂವಿಗೆ ತೆವಳುತ್ತಾ ಕೆಲಸ ಮಾಡುತ್ತಿರುತ್ತಾಳೆ. ಕೆಲವು ಕಾಯಿಯಲ್ಲಿ ಒಬ್ಬಳು, ಕೆಲವದರಲ್ಲಿ ಹಲವರು.

ಅವಳು ಮಾಡುವ ಕೆಲಸವೇ ಈ ವಿಷಯದ ತಿರುಳು. ಹೂವಿನ ಶಲಾಕೆಯ, ಅಂದರೆ ಅಂಡಾಶಯದಿಂದ ಮೇಲೆ ಚಾಚಿದ ಕೊಳವೆಯ, ತುದಿಯಿಂದ ಸೂಜಿ ಇಳಿಸಿ ಅಂಡಾಶಯದಲ್ಲಿ ಒಂದು ಮೊಟ್ಟೆ ಇಡುತ್ತಾಳೆ. ಮೊಟ್ಟೆಯ ಜೊತೆ ಒಂದು ದ್ರವವನ್ನೂ ಬಿಡುತ್ತಾಳೆ. ಆ ಹೂ ಬೀಜವಾಗುವುದು ಬಿಟ್ಟು ಗಂಟಾಗಿ ಬೆಳೆಯುತ್ತದೆ. ಮರಿ ಆ ಗಂಟಿನೊಳಗಿನ ಮೆದು ಭಾಗ ತಿಂದು ಬೆಳೆಯುತ್ತದೆ. ಹೊಂಗೆ ಎಲೆಯ ಮೇಲೆ ನುಸಿ ಮಾಡುವ ಗಂಟನ್ನು ಎಲ್ಲರೂ ನೋಡಿರುತ್ತೀರಿ. ಅಲ್ಲಿ ಗಿಡಕ್ಕೆ ಲಾಭ ಏನೂ ಇಲ್ಲ. ಅತ್ತಿಯಲ್ಲಿ ಹಾಗಲ್ಲ. ಗಂಟು ಮಾಡುವವಳೇ ಪರಾಗವನ್ನೂ ತಂದಿರುತ್ತಾಳೆ. ಮೊಟ್ಟೆ ಇಡುತ್ತಾ ಶಲಾಕೆಯ ತುದಿಗೆ ಪರಾಗ ಸವರುತ್ತಾ ಹೋಗುತ್ತಾಳೆ. ಮೊಟ್ಟೆ ಬಿದ್ದ ಹೂ ಗಂಟು. ಪರಾಗ ಮಾತ್ರ ಬಿದ್ದ ಹೂ ಬೀಜ.

ಅಂದರೆ ಬಕೆಟ್ಟಿನಲ್ಲಿ ತೇಲಿದ ತೂತು ಬಿದ್ದ ಜೊಳ್ಳು ಕಣಜ ಹುಟ್ಟಿ ಹೊರಟ ಮನೆ. ಕೆಳಗೆ ಕೂತ ಬೀಜ ಅದರ ತಾಯಿ ಮಾಡಿದ ಕೆಲಸ. ಎರಡೂ ಒಂದೇ ಹಣ್ಣಿನವು, ಒಂದೇ ಥರದ ಹೂವಿನಿಂದ ಬಂದವು. ಇದು ಮನಸ್ಸಿಗೆ ಹತ್ತಿದ ದಿನ ನನಗೆ ಆದ ಸಂತೋಷ ದೊಡ್ಡದು.

ಹಾಗಾದರೆ ಎಲ್ಲ ಹೂವಿಗೂ ಮೊಟ್ಟೆ ಯಾಕೆ ಇಡುವುದಿಲ್ಲ? ಕಾಯಿ ಸೀಳಿ ನಿಧಾನವಾಗಿ ನೋಡಿದರೆ ಒಂದು ಅಂಶ ಕಾಣುತ್ತದೆ. ಗಂಟುಗಳು ಜಾಸ್ತಿ ಇರುವುದು ಒಳಟೊಳ್ಳಿನ ಕಡೆ. ಬೀಜಗಳು ಜಾಸ್ತಿ ಇರುವುದು ಗೋಡೆಯ ಕಡೆ. ಗೋಡೆಗೆ ಅಂಟಿದ ಅಂಡಾಶಯಗಳ ಶಲಾಕೆ ಉದ್ದ, ಒಳಗೆ ಚಾಚಿದವುಗಳದ್ದು ಗಿಡ್ಡ. ಗಿಡ್ಡದರಲ್ಲಿ ಮೊಟ್ಟೆ ಇಡುವುದು ಸಲೀಸು. ಇನ್ನೊಂದು ಕಾರಣವೂ ಇದೆ. ಕಾಯಿಯ ಹೊರಗೆ ನಿಂತು ಗೋಡೆ ಚುಚ್ಚಿ ಬೇರೆಯವರ ಮರಿಯ ಮೇಲೆ ಮೊಟ್ಟೆ ಇಡುವ ಕಣಜಗಳೂ ಇವೆ. ಒಳಸಾಲಿನ ಮರಿಗೆ ಅವುಗಳ ಸೂಜಿ ತಲುಪುವುದು ಕಷ್ಟ.

ನಾನು ಗುರುತಿಸಲು ಕಲಿತ ಎರಡನೆಯ ಹಂತ, ಗಂಡು ಹೂ ಬಿರಿಯುವುದು. ಕಾಯಿ ಒತ್ತಿದರೆ ಸ್ವಲ್ಪ ಮೆತ್ತಗಾಗಿರುತ್ತದೆ, ಬಣ್ಣ ಇನ್ನೂ ಪೂರ್ತಿ ತಿರುಗಿರುವುದಿಲ್ಲ. ಇಂಥ ನಾಲ್ಕಾರು ಕಾಯಿ ಸಂಜೆ ತಂದು ಅಗಲ ಬಾಯಿಯ ಬಾಟಲಿಗೆ ಹಾಕಿ, ಮೇಲೆ ಮಲ್ ಬಟ್ಟೆ ಕಟ್ಟಿ ಇಡುತ್ತೇನೆ. ಪ್ಲಾಸ್ಟಿಕ್ ಮುಚ್ಚಳ ಹಾಕಬಾರದು, ಒಳಗೆ ಬೆವರಿ ಎಲ್ಲ ಅಂಟಿಕೊಳ್ಳುತ್ತವೆ. ತಳಕ್ಕೆ ಪೇಪರ್ ಹಾಕಿದರೆ ಒಳ್ಳೆಯದು. ಬೆಳಿಗ್ಗೆ ನೋಡಿದರೆ ಬಾಟಲಿಯ ಗೋಡೆ ತುಂಬ ರೆಕ್ಕೆಯ ಕಪ್ಪು ಹೆಣ್ಣು ಕಣಜಗಳು. ಒಂದೊಂದು ಕಾಯಿಯಿಂದ ನೂರಾರು. ಶಾಲೆಯ ಮಕ್ಕಳು ನರ್ಸರಿಗೆ ಬಂದಾಗ ಇದನ್ನೇ ಮೊದಲು ತೋರಿಸುತ್ತೇನೆ.

ಅದೇ ಸಮಯದಲ್ಲಿ ಒಂದು ಕಾಯಿಯನ್ನು ಸೀಳಿದರೆ ಇನ್ನೊಂದು ಲೋಕ. ಗಂಡುಗಳಿಗೆ ರೆಕ್ಕೆಯೇ ಇಲ್ಲ. ತೆಳು ಕಂದು ಬಣ್ಣ, ಮುಂದಕ್ಕೆ ಬಾಗಿದ ಉದ್ದ ಹೊಟ್ಟೆ, ಗಟ್ಟಿ ದವಡೆ. ಅವು ಮೊದಲು ಹುಟ್ಟುತ್ತವೆ. ಹೆಣ್ಣು ಇರುವ ಗಂಟುಗಳನ್ನು ಹುಡುಕಿ, ತೂತು ಕೊರೆದು, ಹೆಣ್ಣು ಹೊರಬರುವ ಮೊದಲೇ ಕೂಡುತ್ತವೆ. ನಮ್ಮ ಅಕ್ಕ ಕಂಡ ಆ ದುಂಡು ತೂತು ಇದೇ. ಆಮೇಲೆ ಗಂಡುಗಳೆಲ್ಲ ಸೇರಿ ಕಾಯಿಯ ಗೋಡೆಯಲ್ಲಿ ಸುರಂಗ ಕೊರೆಯುತ್ತವೆ. ಮುಚ್ಚಿದ ಕಾಯಿಯೊಳಗೆ ಇಂಗಾಲದ ಡೈಆಕ್ಸೈಡ್ ಬಹಳ ಜಾಸ್ತಿ. ಅರಳಿಯ ಕಾಯಿಯ ಮೇಲೆ ನಡೆದ ಅಧ್ಯಯನದಲ್ಲಿ, ಆ ಗಾಳಿಯಲ್ಲೂ ಗಂಡುಗಳು ಚುರುಕಾಗಿರುತ್ತವೆ, ಸುರಂಗ ತೆರೆದು ಹೊರಗಿನ ಗಾಳಿ ಬಂದ ಮೇಲೆ ಹೆಣ್ಣುಗಳು ಚುರುಕಾಗುತ್ತವೆ ಅಂತ ತೋರಿಸಿದ್ದಾರೆ. ಸುರಂಗ ಮುಗಿಸಿದ ಗಂಡುಗಳ ಆಯುಸ್ಸು ಅಲ್ಲಿಗೆ ಮುಗಿಯಿತು. ಕೆಲವು ಹೊರಗೆ ಬಂದು ನೆಲಕ್ಕೆ ಬೀಳುತ್ತವೆ, ಇರುವೆಗಳು ಎತ್ತಿಕೊಂಡು ಹೋಗುತ್ತವೆ.

ಹೊರಡುವ ಮೊದಲು ಹೆಣ್ಣು ಇನ್ನೊಂದು ಕೆಲಸ ಮಾಡುತ್ತಾಳೆ. ಪರಾಗ ತುಂಬಿಕೊಳ್ಳುತ್ತಾಳೆ. ಜೇನಿನ ಮೈಗೆ ಪರಾಗ ಅಂಟುವುದು ಬೇರೆ ಮಾತು. ಇವಳ ಎದೆಯ ಕೆಳಭಾಗದಲ್ಲಿ ಇದಕ್ಕೆಂದೇ ಎರಡು ಜೇಬುಗಳಿವೆ. ಮುಂಗಾಲಿನಲ್ಲಿ ಬಾಚಣಿಗೆಯಂಥ ಕೂದಲ ಸಾಲು ಇದೆ. ಅದರಿಂದ ಪರಾಗ ಕೆರೆದು ಜೇಬಿಗೆ ಹಾಕಿಕೊಳ್ಳುತ್ತಾಳೆ. ಇದನ್ನು ಓದಿ ಗೊತ್ತಿತ್ತು, ಆದರೂ ಕಣ್ಣಾರೆ ನೋಡಬೇಕಿತ್ತು. ಕೈಲೆನ್ಸಿನಲ್ಲಿ ಕಾಣುವುದಿಲ್ಲ. ಬಾಟಲಿಯ ಕಣಜಗಳನ್ನು ಸ್ಪಿರಿಟ್‌ನಲ್ಲಿ ಹಾಕಿಕೊಂಡು ಹತ್ತಿರದ ಕಾಲೇಜಿಗೆ ಹೋದೆ. ಅಲ್ಲಿನ ಮೇಷ್ಟ್ರು ಮೈಕ್ರೋಸ್ಕೋಪ್ ಬಿಟ್ಟುಕೊಟ್ಟರು. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ನೀರು, ಅದರಲ್ಲಿ ಬೆನ್ನು ಕೆಳಗಾಗಿ ಮಲಗಿಸಿದ ಕಣಜ, ಮೇಲೆ ತೆಳು ಗಾಜು. ಎದೆಯ ಎರಡೂ ಬದಿಯಲ್ಲಿ ಮಬ್ಬಾದ ಗೆರೆ ಕಂಡಿತು. ಗಾಜನ್ನು ಸೂಜಿಯಿಂದ ಮೆಲ್ಲಗೆ ಒತ್ತಿದೆ. ಗೆರೆ ಬಿರಿದು ಪರಾಗದ ಕಣಗಳು ಒಂದರ ಹಿಂದೆ ಒಂದು ನೀರಿಗೆ ಹರಿದವು. ಮೇಷ್ಟ್ರೂ ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಇಷ್ಟಾದ ಮೇಲೆ, ಕಣಜ ಬರದಿದ್ದರೆ ಏನಾಗುತ್ತದೆ ಅಂತ ನೋಡುವುದು ಉಳಿದಿತ್ತು. ಎಳೆಗಾಯಿಯ ಗೊಂಚಲಿಗೆ ಮಲ್ ಬಟ್ಟೆಯ ಚೀಲ ಕಟ್ಟಿದೆ. ಬಟ್ಟೆ ಸಣ್ಣ ನೇಯ್ಗೆಯದ್ದಾಗಿರಬೇಕು, ಸೊಳ್ಳೆಪರದೆಯ ಕಣ್ಣಿನಲ್ಲಿ ಕಣಜ ಸಲೀಸಾಗಿ ನುಸುಳುತ್ತದೆ. ಕಟ್ಟುವ ಜಾಗಕ್ಕೆ ಹತ್ತಿ ಸುತ್ತಿ ಬಿಗಿ ಮಾಡಬೇಕು. ಪಕ್ಕದ ಗೊಂಚಲುಗಳನ್ನು ಹಾಗೇ ಬಿಟ್ಟೆ. ಬಿಟ್ಟ ಗೊಂಚಲಿನ ಕಾಯಿ ನಿಂತು ಬಲಿತವು. ಚೀಲದೊಳಗಿನವು ಸ್ವಲ್ಪ ದಿನ ಹಸಿರಾಗಿದ್ದು, ಆಮೇಲೆ ಹೆಚ್ಚುಕಡಿಮೆ ಎಲ್ಲ ಉದುರಿ ಚೀಲದ ತಳ ಸೇರಿದವು. ಮತ್ತೊಂದು ಫಸಲಿನಲ್ಲಿ ಚೀಲದೊಳಗೆ ನಾನೇ ಕಣಜ ಬಿಟ್ಟೆ. ಬೇರೆ ಮರದ ಕಾಯಿಯಿಂದ ಬೆಳಿಗ್ಗೆ ಹುಟ್ಟಿದ ಹೆಣ್ಣುಗಳನ್ನು ಒದ್ದೆ ಮಾಡಿದ ಬಣ್ಣದ ಕುಂಚದ ತುದಿಯಿಂದ ಎತ್ತಿ, ಕಾಯಿಯ ಬಾಯಿ ಹತ್ತಿರ ಬಿಡುವುದು. ಬಾಯಿ ಸಿಕ್ಕ ತಕ್ಷಣ ತಲೆ ತೂರಿಸುತ್ತವೆ. ಆ ಕಾಯಿಗಳು ನಿಂತವು. ಒಂದೇ ಕಣಜ ಹೋದ ಕಾಯಿಯಲ್ಲಿ ಖಾಲಿ ಹೂ ಜಾಸ್ತಿ ಉಳಿದಿತ್ತು, ಹಲವು ಹೋದ ಕಾಯಿಯಲ್ಲಿ ತುಂಬಿಕೊಂಡಿತ್ತು.

ಪನಾಮಾದಲ್ಲಿ ನಡೆದ ಪ್ರಯೋಗಗಳು ಇನ್ನೂ ಮುಂದೆ ಹೋಗಿವೆ. ಅಲ್ಲಿ ಪರಾಗ ಇಲ್ಲದ ಕಣಜಗಳನ್ನು ಕಾಯಿಗೆ ಬಿಟ್ಟು ನೋಡಿದರು. ಮೊಟ್ಟೆ ಇಟ್ಟು ಪರಾಗ ಹಾಕದ ಕಾಯಿಗಳನ್ನು ಕೆಲವು ಜಾತಿಯ ಮರಗಳು ಜಾಸ್ತಿ ಉದುರಿಸಿದವು. ಉಳಿದ ಕಾಯಿಗಳಲ್ಲೂ ಮರಿಗಳು ಕಡಿಮೆ ಹುಟ್ಟಿದವು. ಪುಕ್ಕಟೆ ಗಂಟು ಕಟ್ಟಲು ಮರ ಬಿಡುವುದಿಲ್ಲ.

ಆದರೂ ಪುಕ್ಕಟೆ ಬದುಕುವವರು ಇದ್ದೇ ಇದ್ದಾರೆ. ಅತ್ತಿ ಕಾಯಿಯನ್ನೇ ನಂಬಿದ, ಪರಾಗ ತರದ ಇನ್ನೂ ಆರು ಜಾತಿ ಕಣಜಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಮತ್ತು ಅವರ ವಿದ್ಯಾರ್ಥಿಗಳು ಇವುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅತ್ತಿಯ ಬಗ್ಗೆ ಇಷ್ಟು ಆಳದ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿದೆ ಅನ್ನುವುದು ನನಗೆ ಹೆಮ್ಮೆ. ಈ ಆರರಲ್ಲಿ ಕೆಲವು ಎಳೆಗಾಯಿಯಲ್ಲೇ ಬಂದು ತಾವೇ ಗಂಟು ಮಾಡುತ್ತವೆ. ಕೆಲವು ತಡವಾಗಿ ಬಂದು ಬೇರೆಯವರ ಗಂಟಿನ ಮೇಲೆ ಮೊಟ್ಟೆ ಇಡುತ್ತವೆ. ಯಾವುದೂ ಒಳಗೆ ಹೋಗುವುದಿಲ್ಲ, ಎಲ್ಲವೂ ಹೊರಗೆ ಕೂತು ಚುಚ್ಚುತ್ತವೆ. ಅಪೋಕ್ರಿಪ್ಟಾ ಎಂಬ ಪರಾವಲಂಬಿ ಕಣಜದ ಸೂಜಿಯ ತುದಿಯಲ್ಲಿ ಸತುವಿನ ಅಂಶ ಇರುವುದನ್ನು ಅದೇ ಸಂಸ್ಥೆಯವರು 2014ರಲ್ಲಿ ಪ್ರಕಟಿಸಿದರು. ಗಟ್ಟಿ ಕಾಯಿ ಕೊರೆಯಲು ತುದಿ ಸವೆಯದೆ ಇರಬೇಕಲ್ಲ.

ಇವು ಚುಚ್ಚುವುದನ್ನು ನೋಡಬೇಕಾದರೆ ಮರದ ಬುಡದಲ್ಲಿ ಸುಮ್ನೆ ಕೂತರೆ ಸಾಕು. ಹಿಂದೆ ಉದ್ದ ಬಾಲದ ಹಾಗೆ ಕಾಣುವ ಸೂಜಿಯನ್ನು ಬಿಲ್ಲಿನಂತೆ ಬಗ್ಗಿಸಿ ಕಾಯಿಗೆ ಇಳಿಸಿ, ಬಹಳ ಹೊತ್ತು ಅಲ್ಲಾಡದೆ ನಿಲ್ಲುತ್ತವೆ. ಆಗ ಚಗಳಿ ಇರುವೆ ಬಂದರೆ ಕಥೆ ಮುಗಿಯಿತು. ಸೂಜಿ ಒಳಗೆ ಸಿಕ್ಕಿರುವಾಗ ಹಾರಲು ಆಗುವುದಿಲ್ಲ. ಪರಾಗ ತರುವ ಕಣಜ ಮಾತ್ರ ಬೇಗ ಬಾಯಿಯೊಳಗೆ ಸೇರಿಕೊಂಡು ಪಾರಾಗುತ್ತದೆ. ಒಳಗೆ ಹುಟ್ಟಿದ ಅವಳ ಹೆಣ್ಣುಮರಿಗಳು ಹೊರಗೆ ಹೋಗುವಾಗ ಅವನ್ನೂ ಇರುವೆ ಬಿಡುವುದಿಲ್ಲ, ಅದು ಬೇರೆ. ಮರದಲ್ಲಿ ಚಗಳಿ ಕೊಟ್ಟೆ (ಎಲೆ ಹೆಣೆದ ಗೂಡು) ಇದೆ ಅಂತ ಓಡಿಸಲು ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ, ಬಿಡಿ, ಅವು ಕಾಯಿ ಕಾಯುತ್ತಿವೆ.

ಈಗ ನನ್ನ ಮೊದಲ ಪ್ರಶ್ನೆಗೆ ಬರುತ್ತೇನೆ. ಯಾವ ಮರದ ಹಣ್ಣು ತರಬೇಕು?

ಒಂದು ಮರದ ಕಾಯಿಗಳೆಲ್ಲ ಹೆಚ್ಚುಕಡಿಮೆ ಒಂದೇ ಹಂತದಲ್ಲಿರುತ್ತವೆ. ಹೆಣ್ಣು ಕಣಜ ಹೊರಗೆ ಬಂದಾಗ ಅವಳು ಹುಟ್ಟಿದ ಮರದಲ್ಲಿ ಅವಳಿಗೆ ಬೇಕಾದ ಎಳೆಯ ಕಾಯಿ ಸಾಮಾನ್ಯವಾಗಿ ಇರುವುದಿಲ್ಲ. ಬೇರೆ ಮರ ಹುಡುಕಬೇಕು. ಅವಳಿಗಿರುವ ಆಯುಸ್ಸು ಒಂದೆರಡು ದಿನ ಮಾತ್ರ. ಸಿದ್ಧವಾದ ಕಾಯಿ ಬಿಡುವ ವಾಸನೆಯೇ ದಾರಿ ತೋರಿಸುತ್ತದೆ. ಗಾಳಿಯ ಜೊತೆ ಬಹಳ ದೂರ ಹೋಗಬಲ್ಲಳು. ನಮೀಬಿಯಾದ ಮರುಭೂಮಿಯ ನದಿಯ ದಂಡೆಯಲ್ಲಿ ಇದೇ ಬಳಗದ ಕಣಜ 160 ಕಿಲೋಮೀಟರ್ ದೂರ ಪರಾಗ ಒಯ್ದದ್ದು ದಾಖಲಾಗಿದೆ. ಆದರೂ ಸುತ್ತಮುತ್ತ ಅತ್ತಿ ಮರಗಳು ಹಲವು ಇದ್ದು, ಒಂದಲ್ಲ ಒಂದು ಮರದಲ್ಲಿ ಸದಾ ಕಾಯಿ ಇದ್ದರೆ ಕಣಜ ಉಳಿಯುವುದು ಸುಲಭ. ಒಂಟಿ ಮರಕ್ಕೆ ಬರುವ ಕಣಜ ಕಡಿಮೆ. ಜಡಿಮಳೆಯ ವಾರದಲ್ಲಿ ಸಿದ್ಧವಾದ ಕಾಯಿ ಹಸಿರಾಗೇ ಉದುರುವುದನ್ನೂ ನಾನು ಜಾಸ್ತಿ ನೋಡಿದ್ದೇನೆ.

ಅದಕ್ಕೆ ಈಗ ನಾನು ಹಣ್ಣು ತರುವುದು ಹಳ್ಳದುದ್ದಕ್ಕೂ ಸಾಲಾಗಿ ಅತ್ತಿ ಇರುವ ಕಡೆಯಿಂದ. ಕಾಯಿ ಎಳೆಯದಾಗಿದ್ದಾಗಲೇ ಹೋಗಿ ಬಾಯಿಯಲ್ಲಿ ರೆಕ್ಕೆ ಇದೆಯಾ ನೋಡಿ, ಗೊಂಚಲಿಗೆ ದಾರ ಕಟ್ಟಿ ಬರುತ್ತೇನೆ. ಹಣ್ಣಾದಾಗ ಆ ಗೊಂಚಲಿನದ್ದನ್ನು ಮಾತ್ರ ಕೀಳುವುದು, ಅದೂ ಕೆಂಪಾಗಿ ಮೆತ್ತಗಾದ ಮೇಲೆ. ಕಣಜಗಳು ಅಷ್ಟರಲ್ಲಿ ಹೊರಟುಹೋಗಿರುತ್ತವೆ. ಮೊದಲೇ ಕಿತ್ತರೆ ಬೀಜವೂ ಬಲಿತಿರುವುದಿಲ್ಲ, ಒಳಗಿನ ಕಣಜವೂ ಸಾಯುತ್ತದೆ.

ಬಂದವರು ಕೇಳುವ ಒಂದು ಪ್ರಶ್ನೆ ಇದೆ, "ಹಾಗಾದ್ರೆ ಅಂಗಡಿಯ ಅಂಜೂರದಲ್ಲೂ ಹುಳ ಇರುತ್ತಾ?" ನಮ್ಮ ಕಡೆ ತೋಟಗಳಲ್ಲಿ ಬೆಳೆಯುವ ಪೂನಾ ಅಂಜೂರಕ್ಕೆ ಪರಾಗಸ್ಪರ್ಶವೇ ಬೇಡ. ಕಣಜ ಇಲ್ಲದೆಯೇ ಹಣ್ಣಾಗುವ ತಳಿ ಅದು. ಸ್ಮರ್ನಾ ಎಂಬ ಟರ್ಕಿಯ ತಳಿಗೆ ಮಾತ್ರ ಕಣಜ ಬೇಕೇ ಬೇಕು. ಅತ್ತಿ ಹಣ್ಣಿನಲ್ಲಿ ಸತ್ತ ಕಣಜದ ಚೂರು ಸಿಗುವುದು ನಿಜ. ಕಾಡಿನ ಹಕ್ಕಿಗಳು, ಹಳ್ಳಿಯ ಮಕ್ಕಳು ಅದನ್ನು ಲೆಕ್ಕಿಸದೆ ತಿನ್ನುತ್ತಲೇ ಬಂದಿದ್ದಾರೆ. ನಾನೂ ತಿನ್ನುತ್ತೇನೆ.

ಬಿತ್ತನೆಯ ಬಗ್ಗೆ ಹೇಳುವುದು ಸ್ವಲ್ಪವೇ ಇದೆ. ಬಕೆಟ್ಟಿನ ತಳದ ಬೀಜವನ್ನು ಸಣ್ಣ ಜರಡಿಯಲ್ಲಿ ತೊಳೆದು ನೆರಳಿನಲ್ಲಿ ಆರಿಸಬೇಕು. ಕೋಕೋಪೀಟ್ ಮತ್ತು ಜರಡಿ ಹಿಡಿದ ಮರಳು ಸೇರಿಸಿ ಟ್ರೇ ತುಂಬಿ, ಮೇಲೆ ಬೀಜ ಉದುರಿಸಬೇಕು. ಮಣ್ಣು ಮುಚ್ಚಬೇಡಿ, ಬೀಜಕ್ಕೆ ಬೆಳಕು ಬೇಕು. ಮೇಲಿಂದ ನೀರು ಸುರಿದರೆ ಬೀಜ ಮೂಲೆಗೆ ಸೇರುತ್ತದೆ, ಟ್ರೇಯನ್ನೇ ನೀರಿನ ತಟ್ಟೆಯಲ್ಲಿ ಇಟ್ಟು ಕೆಳಗಿನಿಂದ ಹೀರಿಸಿ. ಶೇಡ್ ನೆಟ್ ಕೆಳಗೆ ಎರಡು ಮೂರು ವಾರದಲ್ಲಿ ಮೊಳಕೆ ಬರುತ್ತದೆ. ನಾಲ್ಕು ಎಲೆ ಆದ ಮೇಲೆ ತೊಟ್ಟೆಗೆ (ಪ್ಲಾಸ್ಟಿಕ್ ಚೀಲಕ್ಕೆ) ಬದಲಾಯಿಸಿ.

ತೊಟ್ಟೆಯ ಮೇಲೆ ತಾಯಿಮರದ ಗುರುತು ಬರೆದಿಡುತ್ತೇವೆ. ಒಂದೇ ಹಳ್ಳಕ್ಕೆ ನೆಡುವವರಿಗೆ ಬೇರೆ ಬೇರೆ ತಾಯಿಮರದ ಸಸಿಗಳನ್ನು ಕಲೆಸಿ ಕೊಡುತ್ತೇವೆ. ಆಗ ಅವು ಬೆಳೆದು ಕಾಯಿ ಬಿಡುವ ಕಾಲ ಹಿಂದೆ ಮುಂದೆ ಆಗುವ ಸಾಧ್ಯತೆ ಜಾಸ್ತಿ, ಒಂದು ಮರದಿಂದ ಹೊರಟ ಕಣಜಕ್ಕೆ ಹತ್ತಿರದಲ್ಲೇ ಇನ್ನೊಂದು ಸಿಗಬಹುದು. "ಒಂದೇ ಸಾಕು" ಅನ್ನುವವರಿಗೆ ಅಕ್ಕ ಎರಡು ಮೂರು ಸಸಿ ಕೈಗೆ ಕೊಟ್ಟು, ಅಕ್ಕಪಕ್ಕದ ಜಮೀನಿನವರಿಗೂ ಒಂದೊಂದು ಕೊಡಿ ಅಂತ ಹೇಳಿ ಕಳಿಸುತ್ತಾರೆ.